ಕಿನ್ನಿ ಯಾಕೆ ಕುಂಯ್‌ಗುಟ್ಟುತ್ತಿತ್ತು? ಉಡುಪಿಯ ಒಂದು ಮನೆಯ ಪ್ರಕರಣ

ಮರಿಯ ಹೆಸರು ಕಿನ್ನಿ. ಊರನಾಯಿ, ಹೆಣ್ಣು, ಕಂದು ಬಣ್ಣ, ನಾಲ್ಕು ಕಾಲಿಗೂ ಬಿಳಿ ಸಾಕ್ಸ್ ಹಾಕಿದ ಹಾಗೆ. ಉಡುಪಿಯ ಅಂಬಲಪಾಡಿ ಕಡೆಯ ಒಂದು ಮನೆಗೆ ಅದು ಬಂದದ್ದು ಜೂನ್‌ನಲ್ಲಿ, ಮಳೆ ಹಿಡಿದ ಹೊತ್ತಿಗೆ. ಆಗ ಅದಕ್ಕೆ ಒಂದೂವರೆ ತಿಂಗಳು. ಮನೆಯಲ್ಲಿ ಅಜ್ಜಿ, ಮಗ, ಸೊಸೆ, ಏಳನೇ ಕ್ಲಾಸಿನ ಮೊಮ್ಮಗ. ಮಗನಿಗೆ ಬ್ಯಾಂಕ್ ಕೆಲಸ, ಸೊಸೆ ಮಣಿಪಾಲಕ್ಕೆ ಕೆಲಸಕ್ಕೆ ಹೋಗುತ್ತಾರೆ, ಹುಡುಗನಿಗೆ ಶಾಲೆ. ಹಗಲಿಡೀ ಮನೆಯಲ್ಲಿರುವವರು ಅಜ್ಜಿ ಮತ್ತು ಮರಿ.

ನಾಯಿ ಪಳಗಿಸುವುದು ನನ್ನ ಕೆಲಸ. ಫೋನ್ ಮಾಡಿದ್ದು ಸೊಸೆ. "ಅಣ್ಣ, ರಾತ್ರಿ ಹತ್ತಕ್ಕೆ ಶುರು ಮಾಡಿದ್ರೆ ಹಾಲಿನವ ಬರುವವರೆಗೆ ನಿಲ್ಲಿಸುದಿಲ್ಲ ಇದು. ಪಕ್ಕದ ಮನೆಯವರು 'ನೀವು ಮರಿಗೆ ಊಟ ಹಾಕುದಿಲ್ವಾ' ಅಂತ ಕೇಳಿದ್ರು. ನಾಚಿಕೆ ಆಗ್ತದೆ ಮಾರಾಯ್ರೆ" ಎಂದರು. ಹಗಲಲ್ಲೂ ಕುಂಯ್‌ಗುಟ್ಟುತ್ತದೆಯಾ ಎಂದು ಕೇಳಿದೆ. "ಯಾವಾಗ ಇಲ್ಲ ಹೇಳಿ!"

ನಾನು ಹೋಗುವ ಮೊದಲೇ ಆ ಮನೆಯವರು ನಾಲ್ಕು ದಾರಿ ಹಿಡಿದಾಗಿತ್ತು. ಹುಡುಗ ಪ್ರತಿ ಸಲ ಓಡಿಹೋಗಿ ಎತ್ತಿಕೊಳ್ಳುತ್ತಿದ್ದ. ಅವನ ಅಪ್ಪ ಪೇಪರ್ ಸುತ್ತಿ ನೆಲಕ್ಕೆ ಹೊಡೆದು ಗದರಿಸುತ್ತಿದ್ದರು. ಸೊಸೆ ಮೊಬೈಲ್‌ನಲ್ಲಿ ನೋಡಿದ ಸಲಹೆಯಂತೆ "ಅಳಲಿ, ತಾನಾಗಿ ನಿಲ್ಲಿಸುತ್ತದೆ" ಎಂದು ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಅಜ್ಜಿಯದ್ದು ಬೇರೆಯೇ ಚಿಂತೆ. ಕುಂಯ್‌ಗುಟ್ಟಿ ಕುಂಯ್‌ಗುಟ್ಟಿ ಕೊನೆಗೆ ಮರಿ ಕತ್ತು ಮೇಲೆತ್ತಿ ಊಳಿಡುತ್ತಿತ್ತು. ರಾತ್ರಿ ಹೊತ್ತು ನಾಯಿ ಊಳಿಟ್ಟರೆ ಮನೆಗೆ ಒಳ್ಳೆಯದಲ್ಲ ಅಂತ ನಮ್ಮ ಕಡೆ ಹಿರಿಯರು ಹೇಳುವುದು ಗೊತ್ತೇ ಇದೆ ಅಲ್ವಾ. ಹಾಗಾಗಿ ಊಳು ಕೇಳಿದ ಕೂಡಲೇ ಅವರು ಎದ್ದು ಬಂದು ಒಂದು ಬಿಸ್ಕೆಟ್ ಹಾಕುತ್ತಿದ್ದರು. ಬಾಯಿ ಮುಚ್ಚಿಕೊಳ್ಳಲಿ ಎಂದು.

ಇದನ್ನೆಲ್ಲ ಮರಿಯ ಕಡೆಯಿಂದ ನೋಡಿದರೆ ಸಿಕ್ಕ ಪಾಠ ಇಷ್ಟು: ಸಣ್ಣಗೆ ಅತ್ತರೆ ಒಮ್ಮೊಮ್ಮೆ ಹುಡುಗ ಬರುತ್ತಾನೆ, ಒಮ್ಮೊಮ್ಮೆ ಪೇಪರ್ ಬರುತ್ತದೆ, ಒಮ್ಮೊಮ್ಮೆ ಯಾರೂ ಬರುವುದಿಲ್ಲ. ಊಳಿಟ್ಟರೆ ಮಾತ್ರ ಬಿಸ್ಕೆಟ್ ಗ್ಯಾರಂಟಿ.

ಮೊದಲು ಹೋದದ್ದು ಪಶುವೈದ್ಯರ ಹತ್ತಿರ. ಇದು ನನ್ನ ಹಠ. ಕುಂಯ್‌ಗುಟ್ಟುವ ಮರಿಗೆ ಪಾಠ ಶುರು ಮಾಡುವ ಮೊದಲು ಹೊಟ್ಟೆ, ಚರ್ಮ, ಕಿವಿ ನೋಡಿಸಲೇಬೇಕು. ನೋವಿನಿಂದ ಅಳುವ ಮರಿಗೆ ಯಾವ ಪಾಠವೂ ತಲೆಗೆ ಹೋಗುವುದಿಲ್ಲ. ಕಿನ್ನಿಯ ಹೊಟ್ಟೆ ಡೋಲಿನ ಹಾಗೆ ಉಬ್ಬಿತ್ತು, ಕಾಲು ಮಾತ್ರ ಕಡ್ಡಿ. ಜಂತುಹುಳ. ಮರಿಗಳಿಗೆ ದುಂಡುಹುಳ ತಾಯಿಯ ಹೊಟ್ಟೆಯಲ್ಲಿರುವಾಗಲೇ ಬರುತ್ತದೆ, ಹಾಲಿನಲ್ಲೂ ಬರುತ್ತದೆ. ಆದ್ದರಿಂದಲೇ ಎರಡು ವಾರ ತುಂಬಿದಲ್ಲಿಂದ ಮೂರು ತಿಂಗಳವರೆಗೆ ಎರಡೆರಡು ವಾರಕ್ಕೊಮ್ಮೆ ಹುಳದ ಮದ್ದು ಹಾಕಿಸಬೇಕು ಎನ್ನುವುದು. ಕಿನ್ನಿಗೆ ಒಂದು ಸಲವೂ ಆಗಿರಲಿಲ್ಲ. ಕಿವಿಯ ಹಿಂದೆ ರಕ್ತ ಹೀರುವ ಉಣ್ಣಿ ಬೇರೆ. ಮೇಲಿಂದ ಮನೆಯವರು ಪ್ರೀತಿಯಲ್ಲಿ ಮೂರು ಹೊತ್ತೂ ದನದ ಹಾಲು, ಅನ್ನ ಕೊಡುತ್ತಿದ್ದರು. ತಾಯಿ ಹಾಲು ಬಿಟ್ಟ ಮರಿಗಳಲ್ಲಿ ತುಂಬಾ ಮರಿಗಳಿಗೆ ದನದ ಹಾಲು ಜೀರ್ಣವಾಗುವುದಿಲ್ಲ. ಹೊಟ್ಟೆಯಲ್ಲಿ ಗಾಳಿ, ತೆಳ್ಳಗೆ ಭೇದಿ. ಹಾಲು ನಿಲ್ಲಿಸಿ, ಮೆತ್ತಗೆ ಬೆಂದ ಕುಚ್ಚಲಕ್ಕಿ ಅನ್ನಕ್ಕೆ ಮೊಟ್ಟೆ ಅಥವಾ ಮುಳ್ಳು ಪೂರ್ತಿ ತೆಗೆದ ಮೀನು, ಜೊತೆಗೆ ಮರಿಗಳ ಆಹಾರ ಸ್ವಲ್ಪ, ದಿನಕ್ಕೆ ನಾಲ್ಕು ಸಲ ಎಂದು ವೈದ್ಯರು ಹೇಳಿದರು. ಲಸಿಕೆಯ ಪಟ್ಟಿಯನ್ನೂ ಬರೆದುಕೊಟ್ಟರು. ಅದು ಮುಗಿಯುವವರೆಗೆ ಬೀದಿಯಲ್ಲಿ ನಡೆಸಬೇಡಿ ಎಂದರು. ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೊ ರೋಗದ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಮಳೆಗಾಲದಲ್ಲಿ ಇಲಿಜ್ವರದ ಭಯ ಬೇರೆ.

ಹುಳದ ಮದ್ದು, ಊಟ ಎರಡೂ ಸರಿಯಾದ ಮೇಲೆ ಹಗಲಿನ ಅಳು ಸುಮಾರು ಕಡಿಮೆಯಾಯಿತು. ರಾತ್ರಿಯದ್ದು ಆಗಲಿಲ್ಲ.

ಮುಂದಿನ ಕೆಲಸ ಹುಡುಗನಿಗೆ ಕೊಟ್ಟೆ. ಒಂದು ನೋಟ್‌ಬುಕ್. ಮರಿ ಕುಂಯ್‌ಗುಟ್ಟಿದಾಗೆಲ್ಲ ಗಂಟೆ ಎಷ್ಟು, ಮರಿ ಎಲ್ಲಿತ್ತು, ಅದಕ್ಕಿಂತ ಮೊದಲು ಏನಾಯಿತು, ಆಮೇಲೆ ಯಾರು ಏನು ಮಾಡಿದರು ಎಂದು ಬರೆಯಬೇಕು. ಅವನು ಶಾಲೆಯಲ್ಲಿರುವಾಗ ಅಜ್ಜಿ ನೆನಪಿಟ್ಟುಕೊಂಡು ಸಂಜೆ ಹೇಳಬೇಕು. ಹುಡುಗ ಶ್ರದ್ಧೆಯಿಂದ ಬರೆದ. ಒಂದು ಪುಟ ಹೀಗಿತ್ತು:

"ಬೆಳಿಗ್ಗೆ 8.40. ಗೇಟು. ಮೀನಿನವನ ಹಾರನ್. ಅಜ್ಜಿ ಬಂಗುಡೆ ತಲೆ ಹಾಕಿದರು.
ಮಧ್ಯಾಹ್ನ 1.15. ಚಾವಡಿ. ನಿದ್ದೆಯಿಂದ ಎದ್ದಿತು. ಯಾರೂ ಏನೂ ಮಾಡಲಿಲ್ಲ. ನೆಲದಲ್ಲಿ ಉಚ್ಚೆ ಮಾಡಿತು.
ಸಂಜೆ 7. ನನ್ನ ಜೊತೆ ಆಡುತ್ತಿತ್ತು. ಚಡ್ಡಿ ಕಚ್ಚಿ ಎಳೆಯಿತು. ಸುಮ್ನೆ ಅಳ್ತಾ ಉಂಟು.
ರಾತ್ರಿ 10.20. ಸಿಟ್‌ಔಟ್. ಲೈಟ್ ಆಫ್ ಮಾಡಿದ್ದು. ಅಪ್ಪ ಬೈದರು."

ಒಂದು ವಾರದ ಬರಹ ನೋಡಿದಾಗ ನಾಲ್ಕು ಬೇರೆ ಬೇರೆ ಅಳು ಕಂಡವು. ಕಿವಿಗೆ ಎಲ್ಲವೂ ಒಂದೇ ಥರ ಕೇಳುತ್ತವೆ. ಕಾರಣ ಮಾತ್ರ ಬೇರೆ, ಮಾಡಬೇಕಾದ್ದೂ ಬೇರೆ. "ಮರಿ ಅತ್ತರೆ ಹೋಗಬೇಕೋ ಬೇಡವೋ" ಎಂದು ಜನ ಜಗಳ ಮಾಡುವುದು ಈ ನಾಲ್ಕನ್ನೂ ಒಂದೇ ಎಂದುಕೊಂಡದ್ದರಿಂದ. ಒಂದೊಂದು ಅಳುವಿಗೆ ಒಂದೊಂದು ಉತ್ತರ.

ರಾತ್ರಿಯದ್ದು ಭಯ. ಕಿನ್ನಿಯನ್ನು ಹುಡುಗನ ಗೆಳೆಯನ ಮನೆಯ ಹಟ್ಟಿಯಿಂದ ತಂದದ್ದು. ಅಲ್ಲಿ ಐದು ಮರಿ ಬೈಹುಲ್ಲಿನ ಮೇಲೆ ತಾಯಿಯ ಹೊಟ್ಟೆಗೆ ಅಂಟಿಕೊಂಡು ಮಲಗುತ್ತಿದ್ದವು. ಇಲ್ಲಿ ಸಿಟ್‌ಔಟ್‌ನ ತಣ್ಣನೆ ಟೈಲ್ಸ್, ಒಂದು ಗೋಣಿ, ಮೇಲೆ ಶೀಟಿನ ಮಾಡಿಗೆ ಬಡಿಯುವ ಮಳೆ, ಪಕ್ಕದಲ್ಲಿ ಯಾರೂ ಇಲ್ಲ. ವಯಸ್ಸೂ ಅಂಥದ್ದೇ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಸಾಕಿ ಗಮನಿಸಿದ್ದರು. ಮರಿಯನ್ನು ಒಂಟಿಯಾಗಿ ಹೊಸ ಜಾಗದಲ್ಲಿ ಬಿಟ್ಟರೆ ಅದರ ಕೂಗು ಅತಿ ಜಾಸ್ತಿ ಇರುವುದು ಆರೇಳು ವಾರದ ಪ್ರಾಯದಲ್ಲಿ ಎಂಬುದು ಅಲ್ಲಿ ಕಂಡ ವಿಷಯ. ಕಿನ್ನಿಗೆ ಸರಿಯಾಗಿ ಅದೇ ವಯಸ್ಸು. ನಮ್ಮ ದೇಶದಲ್ಲಿ 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮ ಎಂಟು ವಾರದೊಳಗಿನ ಮರಿಯನ್ನು ಮಾರಬಾರದು ಎನ್ನುತ್ತದೆ. ಆದರೆ ಊರನಾಯಿ ಮರಿಗಳನ್ನು ಯಾರು ಮಾರುತ್ತಾರೆ? ಹಟ್ಟಿಯಲ್ಲಿ ಗಲಾಟೆ ಜಾಸ್ತಿಯಾಯಿತು, ತಗೊಂಡು ಹೋಗಿ ಎಂದು ಕೊಡುತ್ತಾರೆ. ವಾಪಸ್ ಬಿಟ್ಟು ಬರೋಣವೇ ಎಂದರೆ ತಾಯಿ ಆಗಲೇ ಹಾಲು ಬಿಡಿಸಿತ್ತು, ಉಳಿದ ಮರಿಗಳೂ ಬೇರೆ ಬೇರೆ ಮನೆ ಸೇರಿದ್ದವು.

ಅದೇ ಸ್ಕಾಟ್ ಮತ್ತು ಜೊತೆಗಾರರು 1977ರಲ್ಲಿ ಇನ್ನೊಂದು ವಿಷಯ ನೋಡಿದರು. ಒಂಟಿಯಾಗಿ ಅಳುವ ಮರಿಗೆ ಏನು ಕೊಟ್ಟರೆ ಅಳು ಕಡಿಮೆಯಾಗುತ್ತದೆ? ತಿಂಡಿ ಕೊಟ್ಟರೆ ಹೆಚ್ಚೇನೂ ಆಗಲಿಲ್ಲ. ಗಟ್ಟಿ ಆಟಿಕೆಗಿಂತ ಮೆತ್ತನೆಯದ್ದು ವಾಸಿ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಮನುಷ್ಯರು ಹತ್ತಿರ ಇರುವುದು. ಇದನ್ನು ಹೇಳಿದಾಗ ಅಜ್ಜಿ, "ಹಾಗಾದ್ರೆ ನನ್ನ ಬಿಸ್ಕೆಟೆಲ್ಲ ದಂಡ" ಎಂದು ನಕ್ಕರು.

ಆದ್ದರಿಂದ ಮೊದಲ ವಾರದಲ್ಲಿ "ಅಳಲಿ ಬಿಡಿ" ಎನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಹೆದರಿದ ಮರಿ ಅತ್ತು ಅತ್ತು ಸುಸ್ತಾಗಿ ಮಲಗಿದರೆ ಅದು ಕಲಿತ ಹಾಗಲ್ಲ. ಮರುದಿನ ಸಂಜೆ ಕತ್ತಲಾಗುವಾಗಲೇ ಹೆದರಿಕೆ ಶುರುವಾಗುತ್ತದೆ, ಅಷ್ಟೆ.

ನಾವು ಮಾಡಿದ್ದು ಇಷ್ಟು. ಅಂಗಡಿಯಿಂದ ಒಂದು ಎತ್ತರದ ರಟ್ಟಿನ ಪೆಟ್ಟಿಗೆ ತಂದೆವು. ಹುಡುಗ ಒಂದು ಹಳೇ ಬೈರಾಸ (ಟವೆಲ್) ತೆಗೆದುಕೊಂಡು ಗೆಳೆಯನ ಮನೆಗೆ ಹೋಗಿ ತಾಯಿನಾಯಿಯ ಮೈಗೆ ಚೆನ್ನಾಗಿ ಉಜ್ಜಿ ತಂದ. ಅದನ್ನು ಒಗೆಯದೆ ಪೆಟ್ಟಿಗೆಯೊಳಗೆ ಹಾಸಿದೆವು. ಬಾಟಲಿಯಲ್ಲಿ ಬೆಚ್ಚಗಿನ ನೀರು ತುಂಬಿ, ದಪ್ಪ ಬಟ್ಟೆ ಸುತ್ತಿ ಒಂದು ಮೂಲೆಗೆ ಇಟ್ಟೆವು. ಸೆಖೆ ಆದರೆ ಮರಿ ದೂರ ಸರಿಯಲು ಜಾಗ ಇರಬೇಕು. ಪೆಟ್ಟಿಗೆಯನ್ನು ಇಟ್ಟದ್ದು ಸೊಸೆ ಮಲಗುವ ಮಂಚದ ಪಕ್ಕ, ಕುರ್ಚಿಯ ಮೇಲೆ. ಮಲಗಿದಲ್ಲಿಂದಲೇ ಕೈ ಚಾಚಿದರೆ ಮರಿಯ ಬೆನ್ನು ಸಿಗಬೇಕು. ಮಗನಿಗೆ ಇದು ಇಷ್ಟವಾಗಲಿಲ್ಲ. "ನಾಯಿಯನ್ನು ಒಳಗೆ ಮಲಗಿಸಿ ಅಭ್ಯಾಸ ಮಾಡಿದ್ರೆ ಮತ್ತೆ ಹೊರಗೆ ಹೋಗ್ತದಾ?" ನ್ಯಾಯವಾದ ಪ್ರಶ್ನೆ. ಹೋಗುತ್ತದೆ, ಆದರೆ ಮೆಲ್ಲ. ಮರಿ ಅಳದೆ ಮಲಗಲು ಕಲಿತ ಮೇಲೆ ಪೆಟ್ಟಿಗೆ ಕುರ್ಚಿಯಿಂದ ನೆಲಕ್ಕೆ ಬಂತು. ಆಮೇಲೆ ಕೋಣೆಯ ಬಾಗಿಲಿಗೆ, ಆಮೇಲೆ ಬಾಗಿಲಿನ ಆಚೆ, ಕೊನೆಗೆ ಚಾವಡಿಗೆ. ಒಂದು ಜಾಗದಲ್ಲಿ ಎರಡು ಮೂರು ರಾತ್ರಿ ಶಾಂತವಾಗಿ ಕಳೆದರೆ ಮಾತ್ರ ಮುಂದಿನ ಹೆಜ್ಜೆ. ಒಂದು ರಾತ್ರಿ ಸಿಡಿಲು ಬಡಿದು ಕರೆಂಟು ಹೋಗಿ ಮರಿ ಕಂಗಾಲಾಯಿತು. ಮರುದಿನ ಪೆಟ್ಟಿಗೆ ಒಂದು ಹೆಜ್ಜೆ ಹಿಂದೆ ಬಂತು. ಸಿಟ್‌ಔಟ್‌ಗೆ ಹೋಗಲೇ ಇಲ್ಲ. ಮಳೆ ಜೋರಾಗಿತ್ತು, ಮನೆಯವರಿಗೂ ಅಷ್ಟು ಹೊತ್ತಿಗೆ ಮನಸ್ಸು ಬರಲಿಲ್ಲ.

ಎರಡನೆಯದು ಉಚ್ಚೆಯ ಅಳು. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ ತಡೆದುಕೊಳ್ಳಬಹುದು ಎಂದು ಅಂದಾಜಿನ ಲೆಕ್ಕ ಇದೆ. ಒಂದೂವರೆ ತಿಂಗಳ ಮರಿಗೆ ಎರಡೂವರೆ ಗಂಟೆ, ಅದೂ ಅದೃಷ್ಟವಿದ್ದರೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತಡೆದುಕೋ ಎಂದರೆ ಹೇಗೆ? ಮರಿ ಮಲಗಿದ ಜಾಗ ಗಲೀಜು ಮಾಡಲು ಇಷ್ಟಪಡುವುದಿಲ್ಲ, ಎಬ್ಬಿಸುತ್ತದೆ. ಇಲ್ಲಿ ಅಳು ಸುಳ್ಳಲ್ಲ. ಆದರೆ ಅತ್ತ ಮೇಲೆ ಎತ್ತಿಕೊಂಡು ಹೋದರೆ "ಅತ್ತರೆ ಬಾಗಿಲು ತೆರೆಯುತ್ತದೆ" ಎಂದಾಗುತ್ತದೆ. ಇದಕ್ಕೆ ಉಪಾಯ ಅಲಾರಾಂ. ಮರಿ ಏಳುವುದಕ್ಕಿಂತ ಸ್ವಲ್ಪ ಮೊದಲೇ ನಾವು ಏಳಬೇಕು. ನೋಟ್‌ಬುಕ್ ಪ್ರಕಾರ ಕಿನ್ನಿ ಹನ್ನೆರಡೂವರೆ ಸುಮಾರಿಗೆ, ಮತ್ತೆ ಮೂರೂವರೆಗೆ ಏಳುತ್ತಿತ್ತು. ಅಲಾರಾಂ ಹನ್ನೆರಡು ಕಾಲು ಮತ್ತು ಮೂರು ಕಾಲಿಗೆ ಇಟ್ಟೆವು. ಎತ್ತಿಕೊಂಡು ಹೋಗುವುದು, ಅಂಗಳದ ಪಾರಿಜಾತದ ಬುಡದಲ್ಲಿ ಬಿಡುವುದು, ಮಾಡಿದ ಕೂಡಲೇ ಮೆಲ್ಲ ಒಂದು ಶಾಬಾಸ್, ವಾಪಸ್ ಪೆಟ್ಟಿಗೆ. ದೊಡ್ಡ ಲೈಟಿಲ್ಲ, ಮಾತಿಲ್ಲ, ಮುದ್ದಿಲ್ಲ. ಮಳೆಯಿದ್ದರೆ ಕೊಡೆ. ಈ ಪಾಳಿ ಗಂಡ-ಹೆಂಡತಿ ಹಂಚಿಕೊಂಡರು. ಮರಿ ಒಣಗಿದ ಹಾಸಿನಲ್ಲಿ ಅಲಾರಾಂವರೆಗೆ ಮಲಗಿದರೆ ಮುಂದಿನ ರಾತ್ರಿಗಳಲ್ಲಿ ಕಾಲು ಕಾಲು ಗಂಟೆ ಮುಂದೆ ಹಾಕಿದೆವು. ಮೂರು ತಿಂಗಳು ತುಂಬುವ ಹೊತ್ತಿಗೆ ಒಂದೇ ಅಲಾರಾಂ ಉಳಿದಿತ್ತು, ಬಳಿಕ ಅದೂ ಬೇಡವಾಯಿತು.

ಸಂಜೆ ಏಳರದ್ದು ನಿದ್ದೆಗೆಟ್ಟ ಅಳು. ಇದನ್ನು ಜನ ನಂಬುವುದೇ ಇಲ್ಲ. ಈ ವಯಸ್ಸಿನ ಮರಿಗಳು ದಿನಕ್ಕೆ ಹದಿನೆಂಟು, ಇಪ್ಪತ್ತು ಗಂಟೆ ಮಲಗಬೇಕು. ಶಾಲೆಯಿಂದ ಬಂದ ಹುಡುಗ ನಾಲ್ಕೂವರೆಯಿಂದ ಎಂಟರವರೆಗೆ ಅದನ್ನು ಬಿಡುತ್ತಿರಲಿಲ್ಲ. ಏಳರ ಹೊತ್ತಿಗೆ ಮರಿ ಚಡ್ಡಿ ಕಚ್ಚುವುದು, ಮನೆಯಿಡೀ ಓಡುವುದು, ಕಾರಣವಿಲ್ಲದೆ ಅಳುವುದು. ಇನ್ನೂ ಆಡಿಸಿ ದಣಿಸಿದರೆ ಸರಿಹೋಗುತ್ತದೆ ಎಂದು ಅವನ ಲೆಕ್ಕ. ಉಲ್ಟಾ. ಅರ್ಧ ಗಂಟೆ ಆಟ, ಅಂಗಳಕ್ಕೆ ಒಂದು ಸುತ್ತು, ಆಮೇಲೆ ಪೆಟ್ಟಿಗೆಯಲ್ಲಿ ನಿದ್ದೆ, ಹುಡುಗ ಪಕ್ಕದಲ್ಲಿ ಕೂತು ಹೋಂವರ್ಕ್. ಇಷ್ಟಕ್ಕೇ ಸಂಜೆಯ ಗಲಾಟೆ ನಿಂತಿತು. ಹೋಂವರ್ಕ್ ಕೂಡ ಆಗುತ್ತಿದೆ ಎಂದು ತಾಯಿ ಖುಷಿಯಾದರು.

ನಾಲ್ಕನೆಯದು ಮೀನಿನ ಹಾರನ್. ಇದು ಅಪ್ಪಟ ಕಲಿತ ಅಳು, ಕಲಿಸಿದವರು ಅಜ್ಜಿ. ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬರುವ ಮೀನಿನವನ ಹಾರನ್ ಎರಡು ಓಣಿ ಆಚೆ ಕೇಳಿದರೆ ಸಾಕು, ಕಿನ್ನಿ ಗೇಟಿಗೆ ಹೋಗಿ ಶುರು. ಅಜ್ಜಿ ಮೀನು ಕತ್ತರಿಸಿ ಮುಗಿಸುವವರೆಗೂ ಅದೇ ರಾಗ, ಕೊನೆಗೆ ಒಂದು ತಲೆ ಬೀಳುತ್ತದೆ. ಬರಬರುತ್ತಾ ಮಧ್ಯಾಹ್ನ ಊಟಕ್ಕೆ ಕೂತರೂ ಅದೇ, ಯಾರಾದರೂ ಅಡುಗೆಮನೆಗೆ ಹೋದರೂ ಅದೇ. ಇಲ್ಲಿ ಮಾತ್ರ "ಕಿವಿಗೆ ಹಾಕಿಕೊಳ್ಳಬೇಡಿ" ಎನ್ನುವ ಸಲಹೆ ಸರಿ.

ಆದರೆ ಒಂದು ಎಚ್ಚರಿಕೆ ಮೊದಲೇ ಕೊಟ್ಟಿದ್ದೆ. ಕೊಡುವುದನ್ನು ನಿಲ್ಲಿಸಿದ ಕೂಡಲೇ ಅಳು ಜಾಸ್ತಿಯಾಗುತ್ತದೆ. ಸ್ವಿಚ್ ಹಾಕಿದಾಗ ಫ್ಯಾನ್ ತಿರುಗದಿದ್ದರೆ ನಾವು ನಾಲ್ಕು ಸಲ ಟಪ ಟಪ ಒತ್ತಿ ನೋಡುತ್ತೇವಲ್ಲ, ಹಾಗೆ. ಆ ಹೊತ್ತಿಗೆ ಸೋತು ಒಂದು ಚೂರು ಹಾಕಿದರೆ ಕೆಲಸ ಮೊದಲಿಗಿಂತ ಕೆಡುತ್ತದೆ. ಜೋರಾಗಿ, ಉದ್ದಕ್ಕೆ ಅತ್ತರೆ ಸಿಗುತ್ತದೆ ಎಂದು ಮರಿ ಕಲಿಯುತ್ತದೆ. ಯಾವಾಗಲೋ ಒಮ್ಮೆ ಸಿಗುವ ಬಹುಮಾನ ಯಾವಾಗಲೂ ಸಿಗುವುದಕ್ಕಿಂತ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳಲ್ಲಿ ತೋರಿಸಿ ಎಷ್ಟೋ ಕಾಲವಾಯಿತು. ಮನೆಯಲ್ಲಿ ನಾಲ್ಕು ಜನರಿದ್ದು ಮೂವರು ನಿಯಮ ಪಾಲಿಸಿದರೆ ನಾಲ್ಕನೆಯವರು ಅದೇ "ಯಾವಾಗಲೋ ಒಮ್ಮೆ" ಆಗುತ್ತಾರೆ.

ಇಲ್ಲಿ ನಾಲ್ಕನೆಯವರು ಯಾರೆಂದು ಹೇಳಬೇಕಾಗಿಲ್ಲ. ಸೊಸೆಗೆ ಅತ್ತೆಯ ಹತ್ತಿರ ಹೇಳಲು ಮುಜುಗರ, ನನಗೂ ಸ್ವಲ್ಪ. ಕೊಡಬೇಡಿ ಎಂದರೆ ಅವರು ಕೇಳುವ ಹಾಗೂ ಇರಲಿಲ್ಲ. "ಪಾಪದ ಜೀವ, ಬಾಯಿ ಬಿಟ್ಟು ಕೇಳ್ತದೆ, ನಾವು ಮಾತ್ರ ತಿನ್ನುದಾ?" ಹಾಗಾಗಿ ಕೊಡಿ ಎಂದೆ. ಮೀನಿನ ತಲೆಯನ್ನು ಬೇಯಿಸಿ, ಮುಳ್ಳು ಬಿಡಿಸಿ, ಸಣ್ಣ ಸಣ್ಣ ಚೂರು ಮಾಡಿ ಒಂದು ಬಟ್ಟಲಲ್ಲಿ ಇಟ್ಟುಕೊಳ್ಳಿ. ಮರಿ ಬಾಯಿ ಮುಚ್ಚಿದ ಗಳಿಗೆಯಲ್ಲಿ ಒಂದು ಚೂರು. ಅಳುವಾಗ ಮುಖ ಆಚೆ ತಿರುಗಿಸಿ ನಿಮ್ಮ ಕೆಲಸ ಮಾಡಿ.

ಮೊದಲ ದಿನ ನಾನು ಅಲ್ಲೇ ಇದ್ದೆ. ಅಜ್ಜಿ ಜಗಲಿಯಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದರು, ಬಟ್ಟಲು ಸೆರಗಿನ ಮರೆಯಲ್ಲಿ. ಕಿನ್ನಿ ಕುಂಯ್, ಕುಂಯ್, ಆಮೇಲೆ ಬೊಗಳು, ಆಮೇಲೆ ಸೀರೆಯ ಅಂಚು ಎಳೆದದ್ದು. ಅಜ್ಜಿ ಗೋಡೆ ನೋಡುತ್ತಿದ್ದರು, ತುಟಿ ಬಿಗಿಹಿಡಿದು. ಉಸಿರು ತೆಗೆದುಕೊಳ್ಳಲು ಮರಿ ಒಂದು ಕ್ಷಣ ನಿಲ್ಲಿಸಿತು. "ಆಯ್ತು" ಎಂದು ಚೂರು ಹಾಕಿದರು. ಮರಿಗೆ ಆಶ್ಚರ್ಯ. ಮತ್ತೆ ಕುಂಯ್. ಮತ್ತೆ ಗೋಡೆ. ಸ್ವಲ್ಪ ಹೊತ್ತಿನಲ್ಲಿ ಮರಿ ಕೂತು, ತಲೆ ಓರೆ ಮಾಡಿ ಅಜ್ಜಿಯ ಕೈಯನ್ನೇ ನೋಡತೊಡಗಿತು, ಶಬ್ದವಿಲ್ಲದೆ. ಅಲ್ಲಿಂದ ಮುಂದೆ ಅಜ್ಜಿ ಮನಸ್ಸಿನಲ್ಲೇ ಎಣಿಸಿ ಮೂರಕ್ಕೆ, ಐದಕ್ಕೆ, ಹತ್ತಕ್ಕೆ ಕೊಡುತ್ತಾ ಹೋದರು. ನಾನು ಕಂಡ ಮಟ್ಟಿಗೆ ಈ ಕೆಲಸಕ್ಕೆ ಹಿರಿಯರೇ ವಾಸಿ. ಅವರಿಗೆ ಅವಸರ ಇಲ್ಲ, ಫೋನ್ ನೋಡುವ ಚಟ ಇಲ್ಲ.

ಪೇಪರ್ ಸುತ್ತಿ ಹೊಡೆದದ್ದರ ಫಲ ಬೇರೆ ಕಡೆ ಕಾಣುತ್ತಿತ್ತು. ಮಗ ಬ್ಯಾಂಕಿನಿಂದ ಬಂದು ಬಗ್ಗಿದ ಕೂಡಲೇ ಕಿನ್ನಿ ಕಿವಿ ಹಿಂದಕ್ಕೆ ಮಾಡಿ, ಹೊಟ್ಟೆ ನೆಲಕ್ಕೆ ತಾಗಿಸಿ, ಅಲ್ಲೇ ಉಚ್ಚೆ ಬಿಡುತ್ತಿತ್ತು. ಅವರು ಅದನ್ನು ಹಠ ಅಂದುಕೊಂಡಿದ್ದರು. ಅದು ಹೆದರಿಕೆ, "ನನ್ನನ್ನೇನೂ ಮಾಡಬೇಡ" ಎನ್ನುವುದು. ಗದರಿದರೆ ಇನ್ನೂ ಜಾಸ್ತಿ. ಮನೆಗೆ ಬಂದಾಗ ಮರಿಯ ಕಡೆ ನೋಡದೆ, ಬಗ್ಗದೆ, ಪಕ್ಕಕ್ಕೆ ತಿರುಗಿ ನೆಲದಲ್ಲಿ ಕೂತು ಶೂ ಬಿಚ್ಚಿ, ಅದಾಗಿ ಬಂದರೆ ಎದೆಯ ಹತ್ತಿರ ಸವರಿ ಎಂದೆ. ಕಡಿಮೆಯಾಗಲು ಸುಮಾರು ಸಮಯ ಹಿಡಿಯಿತು. ನೀರು ಚಿಮುಕಿಸುವುದು, ಮೂತಿ ಒತ್ತಿ ಹಿಡಿಯುವುದು, ಶಾಕ್ ಕೊಡುವ ಪಟ್ಟಿ, ಇವೆಲ್ಲ ಇದೇ ಜಾತಿ. ಅಳು ನಿಂತ ಹಾಗೆ ಕಾಣುತ್ತದೆ, ಭಯ ಒಳಗೇ ಕೂತಿರುತ್ತದೆ.

ಹಗಲು ಒಂಟಿಯಾಗಿರುವ ಅಭ್ಯಾಸವನ್ನೂ ಜೊತೆಯಲ್ಲೇ ಶುರು ಮಾಡಿದ್ದೆವು. ಅಜ್ಜಿ ಬಾವಿಕಟ್ಟೆಗೆ ಹೋಗಿ ಒಂದು ಕೊಡ ನೀರು ತರುವಷ್ಟು ಹೊತ್ತು, ಆಮೇಲೆ ಬಟ್ಟೆ ಒಣಗಿಸುವಷ್ಟು, ಆಮೇಲೆ ಪಕ್ಕದ ಮನೆಗೆ ಹೋಗಿ ಬರುವಷ್ಟು. ಹೋಗುವಾಗ ರಂಪ ಇಲ್ಲ, ಬಂದಾಗ ಹಬ್ಬ ಇಲ್ಲ. ಅಳು ಶುರುವಾಗುವ ಮೊದಲೇ ವಾಪಸ್.

ಎಲ್ಲ ಸರಿಹೋಯಿತು ಎನ್ನುವಾಗ ಕೃಷ್ಣಾಷ್ಟಮಿ ಬಂತು. ಉಡುಪಿಯಲ್ಲಿ ಅಷ್ಟಮಿ, ಮರುದಿನದ ವಿಟ್ಲಪಿಂಡಿ ಅಂದರೆ ಹುಲಿವೇಷ. ತಂಡಗಳು ಅಂಗಳಕ್ಕೇ ಬಂದು ತಾಸೆ, ಡೋಲು ಬಡಿದು ಕುಣಿಯುತ್ತವೆ, ಪಟಾಕಿ ಬೇರೆ. ಕಿನ್ನಿ ಮಂಚದಡಿ ಸೇರಿ ನಡುಗಿತು, ಎರಡು ರಾತ್ರಿ ಮತ್ತೆ ಅಳು. ಅದಕ್ಕೆ ಆಗ ನಾಲ್ಕೂವರೆ ತಿಂಗಳು. ಹಾಲುಹಲ್ಲು ಉದುರುವ ಕಾಲವೂ ಅದೇ. ಇಪ್ಪತ್ತೆಂಟು ಹಲ್ಲು ಹೋಗಿ ನಲವತ್ತೆರಡು ಬರಬೇಕು, ವಸಡು ನೋಯುತ್ತದೆ. "ಸಮಾಧಾನ ಮಾಡಿದ್ರೆ ಮತ್ತೆ ಅಭ್ಯಾಸ ಆಗ್ತದಾ ಅಣ್ಣ?" ಎಂದು ಸೊಸೆ ಫೋನ್ ಮಾಡಿದರು. ಇಲ್ಲ. ಮೀನಿಗಾಗಿ ಅಳುವುದಕ್ಕೂ ಡೋಲಿಗೆ ಹೆದರಿ ಅಳುವುದಕ್ಕೂ ವ್ಯತ್ಯಾಸ ಇದೆ. ಹೆದರಿದ ನಾಯಿಯ ಪಕ್ಕ ಕೂತರೆ ಹೆದರಿಕೆ ಜಾಸ್ತಿಯಾಗುವುದಿಲ್ಲ. ಒಳಕೋಣೆ, ಕಿಟಕಿ ಮುಚ್ಚಿ, ಫ್ಯಾನ್ ಜೋರು, ಟಿವಿ ಸಣ್ಣಗೆ, ಯಾರಾದರೂ ಒಬ್ಬರು ಜೊತೆಗೆ. ಕಚ್ಚಲು ಫ್ರಿಜ್ಜಿನಲ್ಲಿಟ್ಟ ದಪ್ಪ ಕ್ಯಾರೆಟ್. ಮೂರನೇ ರಾತ್ರಿಗೆ ಮತ್ತೆ ಚಾವಡಿಯಲ್ಲಿ ಮಲಗಿತು.

ಈಗ ಉಳಿದಿರುವುದು ಕಾರು. ಲಸಿಕೆಗೆಂದು ಹೊರಟರೆ ಗೇಟು ದಾಟುವ ಮೊದಲೇ ಜೊಲ್ಲು ಸುರಿಸಿ ಕುಂಯ್‌ಗುಟ್ಟುತ್ತದೆ, ಕೆಲವು ಸಲ ವಾಂತಿ. ಮರಿಗಳಿಗೆ ವಾಹನದಲ್ಲಿ ಹೊಟ್ಟೆ ತೊಳಸುವುದು ಸಾಮಾನ್ಯ, ದೊಡ್ಡದಾದಂತೆ ತುಂಬಾ ನಾಯಿಗಳಲ್ಲಿ ಕಡಿಮೆಯಾಗುತ್ತದೆ. ಸದ್ಯಕ್ಕೆ ಕಾರನ್ನು ಅಂಗಳದಲ್ಲೇ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಬಾಗಿಲು ತೆರೆದಿಟ್ಟು ಸಂಜೆಯ ಅನ್ನವನ್ನು ಹಿಂದಿನ ಸೀಟಿನ ಕೆಳಗೆ ಇಡುತ್ತಿದ್ದಾರೆ. ಮುಂದಿನ ವಾರ ಇಂಜಿನ್ ಚಾಲೂ ಮಾಡಿ ನೋಡುತ್ತೇವೆ. ಆಮೇಲೆ ಗೇಟಿನವರೆಗೆ.